ತಣ್ಣನೆ ಮೂಲೆಯ ತಟ್ಟೆಗಳು

ಮಗು ಹುಟ್ಟಿದರೆ ಜನ ಮೂಗು ಯಾರದು, ಕಿವಿ ಯಾರದು ಎಂದು ನೋಡುತ್ತಾರೆ. ನನ್ನ ಅತ್ತೆಮನೆಯವರು ಆಸ್ಪತ್ರೆಗೆ ಬಂದು ನೋಡಿದ್ದು ಮಗು ಎಷ್ಟು ಕಡಿಮೆ ಅಳುತ್ತದೆ ಎನ್ನುವುದನ್ನು. ಹೆರಿಗೆ ವಾರ್ಡಿನಲ್ಲಿ ಉಳಿದ ಕೂಸುಗಳೆಲ್ಲ ಸೂರು ಕಿತ್ತುಹೋಗುವ ಹಾಗೆ ಕಿರುಚುತ್ತಿದ್ದವು. ನನ್ನದು ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ನರ್ಸಮ್ಮ ಅಂಗಾಲಿಗೆ ತಟ್ಟಿ, ಚಿವುಟಿ, ಮತ್ತೆ ತಟ್ಟಿದಳು. ನಾನು ದಿಂಬಿನಿಂದ ತಲೆ ಎತ್ತಿ ನೋಡಿದೆ. ಮಾವನ ಮುಖ ಮಾತ್ರ ಊರಗಲ ಆಗಿತ್ತು. ನಮ್ಮನೆ ಮಕ್ಕಳೇ ಹಾಗೆ, ಗಲಾಟೆ ಇಲ್ಲ, ಎಂದು ಪಕ್ಕದ ಹಾಸಿಗೆಯವರಿಗೂ ಕೇಳುವಂತೆ ಹೇಳಿದರು.

ಆಮೇಲೆ ಚೀಲದಿಂದ ಬಟ್ಟೆ ಸುತ್ತಿದ ಒಂದು ಪುಟ್ಟ ಬಟ್ಟಲು ತೆಗೆದು ನನ್ನ ತಲೆದಿಂಬಿನ ಪಕ್ಕ ಇಟ್ಟರು. ಹಳದಿ ಮೆರುಗಿನ ಬಟ್ಟಲು. ಅಂಚಿನಲ್ಲಿ ಒಂದು ಗುಳ್ಳೆ ಎದ್ದಿತ್ತು, ಬಣ್ಣ ಒಂದು ಕಡೆ ಮಂಕಾಗಿತ್ತು. ಹಲ್ಲು ಬಂದು ಅನ್ನ ತಿನ್ನುವ ಹೊತ್ತಿಗೆ ಇರಲಿ ಎಂದರು. ಬೇರೆಯವರ ಮಾವ ಬಂಗಾರ ತರುತ್ತಾರೆ, ನನ್ನ ಮಾವ ಮಣ್ಣು ತಂದರು ಎಂದು ನಾನು ಗಂಡನ ಹತ್ತಿರ ಚೇಷ್ಟೆ ಮಾಡಿದೆ. ನಿಜ ಹೇಳಬೇಕೆಂದರೆ ನನಗೆ ಕಣ್ಣು ತುಂಬಿ ಬಂದಿತ್ತು.

ಮಾವನದು ಮಡಕೆ, ತಟ್ಟೆ, ಹೂಜಿ ಮಾಡುವ ಕಸುಬು. ಅವರ ಅಪ್ಪನದೂ ಅದೇ. ಬೀದಿಗೆ ಮುಖ ಮಾಡಿದ ಕೋಣೆ ಅಂಗಡಿ, ಅದರ ಹಿಂದೆ ತಿಗರಿ ತಿರುಗುವ ಕೋಣೆ, ಅದನ್ನು ದಾಟಿದರೆ ಅಡುಗೆಮನೆ, ಹಿತ್ತಲಲ್ಲಿ ಮಾಲು ಸುಡುವ ಆವಿಗೆ. ಹಳದಿ ಮೆರುಗು ಮಾವ ತಾವೇ ಕಲಸುತ್ತಿದ್ದರು. ಡಬ್ಬದಲ್ಲಿ ಬರುವ ಕೆಂಪು ಪುಡಿ, ನುಣ್ಣಗೆ ಜರಡಿ ಹಿಡಿದ ಮರಳು, ನೀರು. ಕೆಂಪಗಿದ್ದದ್ದು ಬೆಂಕಿ ಹೊಕ್ಕು ಹೊರಬಂದರೆ ಬೆಣ್ಣೆ ಹಳದಿ. ಬೀದಿಯಲ್ಲಿ ಬೇರೆ ಅಂಗಡಿಗಳಿದ್ದರೂ ಆ ಹಳದಿ ನಮ್ಮದೊಂದರಲ್ಲೇ ಸಿಗುತ್ತಿತ್ತು, ಜನ ಹುಡುಕಿಕೊಂಡು ಬರುತ್ತಿದ್ದರು.

ಆವಿಗೆಯ ಬಾಗಿಲ ಬಳಿ ಒಂದು ಮೂಲೆಗೆ ಬೆಂಕಿ ಸರಿಯಾಗಿ ತಾಗುತ್ತಿರಲಿಲ್ಲ. ಅದಕ್ಕೆ ತಣ್ಣನೆ ಮೂಲೆ ಎಂದೇ ಹೆಸರು. ಅಲ್ಲಿ ಬೆಂದ ಮಾಲಿನ ಮೇಲೆ ಮೆರುಗು ಪೂರ್ತಿ ಕರಗದೆ ಮಂಕಾಗಿ, ಮುಟ್ಟಿದರೆ ತುಸು ಒರಟಾಗಿ ಉಳಿಯುತ್ತಿತ್ತು. ಬೇರೆಯವರು ಅಂಥದ್ದನ್ನು ಕಡಿಮೆ ಬೆಲೆಗೆ ಬಿಡುತ್ತಾರೆ. ಮಾವ ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಚೆನ್ನಾಗಿ ಬೆಂದದ್ದು ಅಂಗಡಿಗೆ, ಬೇಯದ್ದು ಅಡುಗೆಮನೆಗೆ. ಜನರಿಗೆ ಕೆಟ್ಟ ಮಾಲು ಕೊಟ್ಟು ಉಣ್ಣುವ ಅನ್ನ ಮೈಗೆ ಹತ್ತುವುದಿಲ್ಲ ಎನ್ನುತ್ತಿದ್ದರು. ಹಾಗಾಗಿ ನಾವು ಉಣ್ಣುವ ತಟ್ಟೆ, ಕುಡಿಯುವ ಲೋಟ, ಉಪ್ಪಿನಕಾಯಿ ಹಾಕಿಡುವ ಜಾಡಿ ಎಲ್ಲ ಆ ತಣ್ಣನೆ ಮೂಲೆಯದು. ನಾನು ದರ್ಜಿಯ ಮಗಳು. ನಮ್ಮಪ್ಪ ಗಿರಾಕಿಯ ಬಟ್ಟೆಯಲ್ಲಿ ಉಳಿದ ತುಂಡನ್ನೇ ನಮಗೆ ಹೊಲಿಯುತ್ತಿದ್ದವರು. ಇಂಥ ಪ್ರಾಮಾಣಿಕ ಮನೆಗೆ ಬಿದ್ದೆನಲ್ಲ ಎಂದು ನನಗೆ ಹೆಮ್ಮೆ ಇತ್ತು.

ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಬೇಕು ಎನ್ನುವುದು ಆ ಮನೆಯ ಕಟ್ಟುಪಾಡು. ನಮ್ಮ ತಟ್ಟೆಯಲ್ಲಿ ಉಂಡರೆ ಹುಳಿಯೂ ಸಿಹಿಯಾಗುತ್ತದೆ ಎನ್ನುವುದು ಅವರ ಹಳೆಯ ಬಡಾಯಿ. ಮೊದಲ ಸಲ ಕೇಳಿದಾಗ ನಕ್ಕಿದ್ದೆ. ಆದರೆ ನಿಂಬೆ ಹಿಂಡಿದ ಅನ್ನವನ್ನು ಸ್ವಲ್ಪ ಹೊತ್ತು ಬಿಟ್ಟು ತಿಂದರೆ ತಟ್ಟೆಯ ತಳದಲ್ಲಿ ನಿಜಕ್ಕೂ ಒಂದು ಸಣ್ಣ ಸಿಹಿ ಇರುತ್ತಿತ್ತು. ಅತ್ತೆಯ ಕೈರುಚಿ ಎಂದುಕೊಂಡೆ. ಬೆರಳಿಂದ ತಟ್ಟೆ ಬಳಿದು ನೆಕ್ಕುವುದು ನನಗೂ ಅಭ್ಯಾಸವಾಯಿತು.

ಆ ಮನೆಯಲ್ಲಿ ಎಲ್ಲದಕ್ಕೂ ಒಂದೇ ವಿವರಣೆ. ಅದು ನಮ್ಮ ಮನೆತನದ್ದು. ಮಾವನ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬೀಳುತ್ತಿತ್ತು, ಬೆರಳೆತ್ತಿ ತೋರಿಸಲು ಆಗುತ್ತಿರಲಿಲ್ಲ, ಎಡಗೈಯ ಆಸರೆಯಲ್ಲೇ ತಿಗರಿ ನಡೆಸುತ್ತಿದ್ದರು. ಅವರ ಅಪ್ಪನ ಕೈಯೂ ಹಾಗೇ ಆಗಿತ್ತಂತೆ, ಅದು ಮನೆತನದ್ದು. ಆಗಾಗ ಎಲ್ಲರಿಗೂ ಕರುಳು ಹಿಂಡುವ ಹೊಟ್ಟೆನೋವು ಬರುತ್ತಿತ್ತು, ಮನೆತನದ್ದು. ನನ್ನ ಗಂಡ ಚಿಕ್ಕವನಿದ್ದಾಗ ಬಹಳ ತಡವಾಗಿ ಮಾತು ಕಲಿತದ್ದು, ಕಲಿತ ಮೇಲೂ ಅಳೆದು ತೂಗಿ ಖರ್ಚು ಮಾಡುವುದು, ಅದೂ ಮನೆತನದ್ದೇ. ಬೀದಿಯವರು ಅವರಿಗೆ ಮಾತಿನಮಲ್ಲ ಎಂದು ಅಡ್ಡಹೆಸರು ಇಟ್ಟಿದ್ದರು. ಬೆಕ್ಕು ಮಾತ್ರ ಮನೆತನಕ್ಕೆ ಸೇರದಿದ್ದರೂ ಈ ಮನೆಗೆ ಒಗ್ಗುತ್ತಿರಲಿಲ್ಲ. ತಿಗರಿ ಕೋಣೆಯಲ್ಲಿ ಮಲಗಿ ಮೈ ನೆಕ್ಕಿಕೊಳ್ಳುತ್ತಿದ್ದ ಬೆಕ್ಕು ಒಂದು ದಿನ ಗರಗರ ಸುತ್ತಿ ಗೋಡೆಗೆ ಹಾಯ್ದು ಸತ್ತದ್ದನ್ನು ನಾನೇ ಕಂಡಿದ್ದೇನೆ. ಅದರ ಹಿಂದಿನದೂ ಹಾಗೇ ಸತ್ತಿತ್ತು ಎಂದು ಅತ್ತೆ ಸಾಸಿವೆ ಆರಿಸುತ್ತಲೇ ಹೇಳಿದರು.

ಅತ್ತೆ ಇನ್ನೊಂದನ್ನೂ ಹೇಳಿದ್ದರು, ನಾನು ಬಸುರಿಯಾಗಿದ್ದಾಗ, ಅದೂ ಒಂದೇ ಸಲ. ನನ್ನ ಗಂಡನಿಗಿಂತ ಮೊದಲು ಅವರ ಹೊಟ್ಟೆಯಲ್ಲಿ ಮೂರು ನಿಲ್ಲದೆ ಹೋಗಿದ್ದವು. ಮಾವನ ಅಮ್ಮನಿಗೂ ಹಾಗೇ ಆಗಿತ್ತಂತೆ. ಈ ಮನೆಯ ಹೆಂಗಸರ ಹಣೆಬರಹ, ನಿನಗೆ ಹಾಗಾಗದಿರಲಿ ಎಂದು ಸೆರಗಿನಿಂದ ಮೂಗೊರೆಸಿಕೊಂಡು ಒಲೆಯ ಕಡೆ ತಿರುಗಿದರು. ಸೊಸೆಯರಿಗೆ ಮನೆತನ ಹೇಗೆ ಅಂಟುತ್ತದೆ, ನಾವೇನು ಅವರ ರಕ್ತವೇ ಎಂದು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ. ಹೊಟ್ಟೆ ತಡವಿಕೊಂಡೆ.

ಮಗು ಬೆಳೆದು ಎಲ್ಲರ ಬಾಯಲ್ಲಿ ಪುಟ್ಟನಾದ. ಎದೆಹಾಲು ಕುಡಿಯುವವರೆಗೆ ಮೆತ್ತಗಿದ್ದರೂ ಚೆನ್ನಾಗೇ ಇದ್ದ. ನಗುತ್ತಿದ್ದ, ನನ್ನ ಮೂಗು ಹಿಡಿದು ಜಗ್ಗುತ್ತಿದ್ದ. ಅಮ್ಮ ಎಂದ. ಹಿತ್ತಲ ಕಾಗೆಗೆ ಕಾಕಾ ಎಂದ. ಮಾವನಿಗೆ ಆಶ್ಚರ್ಯವೋ ಆಶ್ಚರ್ಯ. ಇವನು ತಾಯಿಯ ಕಡೆ ಹೋದ ಎಂದು ತಮಾಷೆ ಮಾಡಿದರು. ಅಂದು ನಾನು ಮನೆಯಲ್ಲೆಲ್ಲ ತಲೆ ಎತ್ತಿಕೊಂಡು ಓಡಾಡಿದೆ.

ಆಮೇಲೆ ಅನ್ನ ಶುರುವಾಯಿತು. ಮಾವ ತಂದಿದ್ದ ಹಳದಿ ಬಟ್ಟಲಿನಲ್ಲಿ ಅತ್ತೆ ಅನ್ನ, ಬೇಯಿಸಿದ ಟೊಮೆಟೊ, ಚೂರು ಬೆಣ್ಣೆ ಹಾಕಿ ನುಣ್ಣಗೆ ಕಿವುಚಿ ಬಿಡುತ್ತಿದ್ದರು, ನಾನು ಸ್ನಾನ ಮಾಡಿಸಿ ತರುವಷ್ಟರಲ್ಲಿ ಬಿಸಿ ಆರಿರಲಿ ಎಂದು. ಪುಟ್ಟ ಆ ಬಟ್ಟಲನ್ನು ಬಿಡುತ್ತಿರಲಿಲ್ಲ. ಖಾಲಿಯಾದ ಮೇಲೂ ಅಂಚನ್ನು ಬಾಯಲ್ಲಿಟ್ಟು ಹೊಸ ಹಲ್ಲಿನಿಂದ ಕೆರೆಯುತ್ತಿದ್ದ. ಮಾವ ಅದನ್ನು ನೋಡಿ, ನನ್ನ ಕೈ ಕೆಲಸದ ರುಚಿ ಅವನಿಗೆ ಗೊತ್ತು ಎಂದು ಹಿಗ್ಗುತ್ತಿದ್ದರು.

ಮೊದಲು ಹೋದದ್ದು ಬಣ್ಣ. ತುಟಿ ಬಿಳುಚಿತು, ಕಿವಿಯ ಹಾಲೆ ಮೇಣದ ಹಾಗಾಯಿತು. ಮಕ್ಕಳ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ ರಕ್ತ ಕಡಿಮೆ ಎಂದು ಔಷಧ ಕೊಟ್ಟರು. ಸೊಪ್ಪು ಬೇಯಿಸಿ ಕೊಡಿ, ಮೇಲೆ ನಿಂಬೆ ಹಿಂಡಿ, ಆಗ ಸೊಪ್ಪಿನ ಸತ್ವ ಮೈಗೆ ಹಿಡಿಯುತ್ತದೆ ಎಂದರು. ಒಳ್ಳೆಯ ಮಾತೇ. ಅಂದಿನಿಂದ ಬಟ್ಟಲಿಗೆ ದಿನವೂ ನಿಂಬೆ ಬಿತ್ತು.

ಆಮೇಲೆ ಹೋದದ್ದು ಕಾಗೆ. ಹಿತ್ತಲಲ್ಲಿ ಕಾಗೆ ಕೂತು ಒರಲುತ್ತಿದ್ದರೂ ಇವನು ಅದರ ಕಡೆ ಸುಮ್ಮನೆ ನೋಡಿದ. ಕೊನೆಗೆ ಅಮ್ಮ ಎನ್ನುವುದೂ ನಿಂತಿತು. ಕೂತಲ್ಲೇ ಕೂತಿರುತ್ತಿದ್ದ, ಕರೆದರೆ ತಡವಾಗಿ ತಿರುಗುತ್ತಿದ್ದ, ಊಟವಾದ ಮೇಲೆ ಹೊಟ್ಟೆ ಹಿಡಿದು ಮುದುಡಿ ಮಲಗುತ್ತಿದ್ದ. ಕಲಿತ ಮಾತನ್ನು ಮಗು ಮರೆಯುವುದು ಉಂಟೇ ಎಂದು ನಾನು ಕಂಡವರನ್ನೆಲ್ಲ ಕೇಳಿದೆ. ಮಾವ ತಿಗರಿಯಿಂದ ಏಳದೆಯೇ ಸಮಾಧಾನ ಹೇಳಿದರು. ಇವನ ಅಪ್ಪನೂ ಹಾಗೇ ಇದ್ದ, ಈಗ ನೋಡು, ಹೆಂಡತಿ ಮಕ್ಕಳ ಜೊತೆ ಸುಖವಾಗಿಲ್ಲವೇ ಎಂದರು. ನನಗೆ ಮೈ ಉರಿದುಹೋಯಿತು. ನನ್ನ ಮಗನನ್ನು ಅವರು ತಮ್ಮ ಮನೆತನಕ್ಕೆ ಸೇರಿಸಿಕೊಂಡು ನಿಶ್ಚಿಂತರಾಗಿದ್ದರು.

ತಂಗಿಯ ಹೆರಿಗೆಗೆಂದು ತವರಿಗೆ ಹೋದಾಗ ಪುಟ್ಟನೂ ಜೊತೆಯಲ್ಲಿದ್ದ. ಅಮ್ಮನ ಮನೆಯ ಸ್ಟೀಲ್ ಬಟ್ಟಲಿನಲ್ಲಿ ಊಟ ಬೇಡವೆಂದು ಮೊದಲೆರಡು ದಿನ ರಂಪ ಮಾಡಿದ. ಆಮೇಲೆ ತಿಂದ. ಅಲ್ಲಿದ್ದಷ್ಟು ದಿನದಲ್ಲಿ ಹೊಟ್ಟೆನೋವು ಕಡಿಮೆಯಾಯಿತು. ಹೊರಡುವ ದಿನ ನಮ್ಮಪ್ಪನ ಹೊಲಿಗೆ ಯಂತ್ರದ ಚಕ್ರ ತಿರುಗಿಸಿ ಕಿಲಕಿಲ ನಕ್ಕ. ವಾಪಸು ಬಂದ ಮೇಲೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಮಂಕು.

ಆಗ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಅಲ್ಲಿ ತಿನ್ನಿಸಿದವಳು ನಾನು, ಇಲ್ಲಿ ತಿನ್ನಿಸುತ್ತಿದ್ದವರು ಅತ್ತೆ. ಮಗು ಕಾಟ ಕೊಡದೆ ಮಲಗಲಿ ಎಂದು ಅತ್ತೆ ಏನಾದರೂ ಬೆರೆಸುತ್ತಿದ್ದಾರೆಯೇ? ಒಮ್ಮೆ ಹೊಕ್ಕ ಮೇಲೆ ಆ ಹುಳ ಬಿಡಲಿಲ್ಲ. ಬಾಗಿಲ ಸಂದಿಯಿಂದ ಅವರ ಕೈ ನೋಡಿದೆ. ಡಬ್ಬಗಳ ಮುಚ್ಚಳ ತೆಗೆದು ಮೂಸಿದೆ. ಗಂಡನ ಹತ್ತಿರ ಹೇಳಿದಾಗ ಅವರು "ಅಮ್ಮ ಹಾಗೆ ಮಾಡೋಳಲ್ಲ" ಎಂದರು. ಅವರ ಮಟ್ಟಿಗೆ ಅದು ಭಾಷಣವೇ. ನಾನು ನಂಬಲಿಲ್ಲ.

ಅತ್ತೆಗೆ ಗೊತ್ತಾಗದೇ ಇರುತ್ತದೆಯೇ? ಒಂದು ಮಧ್ಯಾಹ್ನ ನಾನು ಎದುರಿಗೆ ಕೂತು ಅವರ ಒಂದೊಂದು ಬೆರಳನ್ನೂ ಕಣ್ಣಲ್ಲೇ ತಡವುತ್ತಿದ್ದಾಗ, ಕಲಸುತ್ತಿದ್ದ ಕೈ ನಿಲ್ಲಿಸಿ ಬಟ್ಟಲನ್ನು ನನ್ನ ಕಡೆ ಸರಿಸಿದರು.

"ನೀನೇ ತಿನ್ನಿಸು ಕಣಮ್ಮ. ನನ್ನ ಕೈಯಿಂದ ಬೇಡ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ನಾಚಿಕೆಯಾಯಿತು, ಆದರೂ ಬಟ್ಟಲು ತೆಗೆದುಕೊಂಡೆ.

ಅಂದಿನಿಂದ ಪುಟ್ಟನ ಊಟಕ್ಕೆ ಇನ್ನೊಬ್ಬರ ಉಸಿರೂ ತಾಗದ ಹಾಗೆ ನೋಡಿಕೊಂಡೆ. ನಾನೇ ಬೇಯಿಸಿದೆ, ನಾನೇ ಕಲಸಿದೆ, ನಿಂಬೆಯನ್ನು ಅತ್ತೆಗಿಂತ ಧಾರಾಳವಾಗಿ ಹಿಂಡಿದೆ. ಸತ್ವ ಮೈಗೆ ಹಿಡಿಯಲಿ ಎಂದು ನೆನೆಯಲು ಬಿಟ್ಟೆ. ಒಂದು ಅಗುಳೂ ವ್ಯರ್ಥವಾಗಬಾರದೆಂದು ಬಟ್ಟಲಿನ ತಳವನ್ನು ಚಮಚದಿಂದ ಕೆರೆದು ಕೆರೆದು ಬಾಯಿಗಿಟ್ಟೆ. ಮಂಕಾಗಿದ್ದ ಆ ಕಡೆಯ ಮೆರುಗು ಸವೆದು ಮಣ್ಣು ಕಾಣತೊಡಗಿತ್ತು. ಅದೂ ನನ್ನ ಕಣ್ಣಿಗೆ ಬಿತ್ತು. ಮಗು ಎಷ್ಟು ಚೆನ್ನಾಗಿ ಉಣ್ಣುತ್ತಾನೆ ಎಂದುಕೊಂಡೆ.

ಪುಟ್ಟ ನಡೆಯುತ್ತಿದ್ದವನು ಗೋಡೆ ಹಿಡಿಯತೊಡಗಿದ. ಒಂದು ಬೆಳಿಗ್ಗೆ ಅವನ ಕಣ್ಣು ಮೇಲೆ ಸಿಕ್ಕಿಕೊಂಡು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ಅತ್ತೆ ಓಡಿ ಬಂದು ಅವನನ್ನು ಪಕ್ಕಕ್ಕೆ ಹೊರಳಿಸಿ ಹಿಡಿದರು. ಅವನ ಬಾಯಿಯ ನೊರೆಯನ್ನು ಅವರು ತಮ್ಮ ಸೆರಗಿನಿಂದ ಒರೆಸುತ್ತಾ ಪುಟ್ಟಾ ಎಂದು ಕರೆಯುವುದನ್ನು ನೋಡಿ ನನ್ನ ಅನುಮಾನ ಅಲ್ಲೇ ಸತ್ತಿತು. ಅದು ಸತ್ತದ್ದು ಇನ್ನೂ ಭಯಂಕರವಾಗಿತ್ತು. ಏಕೆಂದರೆ ಈಗ ಅವನಿಗೆ ತಿನ್ನಿಸುತ್ತಿದ್ದವಳು ನಾನೊಬ್ಬಳೇ.

ಡಾಕ್ಟರಮ್ಮ ಅವನನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ರಕ್ತ ತೆಗೆದರು, ಇನ್ನಷ್ಟು ತೆಗೆದರು. ನಡುವೆ ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ. ಬಣ್ಣ ಯಾವುದು ಎಂದರು. ಹಳದಿ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ ಎಂದೆ. ಅವರು ಪೆನ್ನು ಕೆಳಗಿಟ್ಟು, ಊಟ ಮಾಡುವುದು ಯಾವುದರಲ್ಲಿ ಎಂದು ನಿಧಾನವಾಗಿ ಕೇಳಿದರು. ದೊಡ್ಡವರಿಗೆ ಯಾರಿಗಾದರೂ ಹೊಟ್ಟೆನೋವು, ಕೈ ಸೋಲುವುದು ಇದೆಯೇ? ಮನೆಯಲ್ಲಿ ಬಸಿರು ನಿಲ್ಲದೆ ಹೋದದ್ದು ಉಂಟೇ? ನಾನು ಮನೆತನದ ಕಥೆಯನ್ನೆಲ್ಲ ಹೇಳಿದೆ. ಅವರು ಒಂದಕ್ಕೂ ಆಶ್ಚರ್ಯಪಡಲಿಲ್ಲ.

ರಕ್ತದಲ್ಲಿ ಸೀಸ ಇತ್ತು. ಕೆಂಪು ಪುಡಿ ಎಂದರೆ ಸೀಸವಂತೆ. ಬೆಂಕಿ ಚೆನ್ನಾಗಿ ತಾಗಿದರೆ ಅದು ಗಾಜಿನ ಹಾಗೆ ಗಟ್ಟಿಯಾಗಿ ಕೂರುತ್ತದೆ, ಆದರೂ ಪೂರ್ತಿ ನಂಬುವ ಹಾಗಿಲ್ಲ. ಅರೆಬೆಂದರೆ ಹುಳಿ ಬಿದ್ದಾಗಲೆಲ್ಲ ಕರಗಿ ಅನ್ನಕ್ಕೆ ಇಳಿಯುತ್ತದೆ. ಇಳಿದಾಗ ಸಿಹಿಯಾಗಿರುತ್ತದೆ.

"ಇವತ್ತೇ ನಿಲ್ಲಿಸಿದ್ರೆ ರಕ್ತ ಸರಿಹೋಗುತ್ತೆ, ಅದಕ್ಕೆ ಔಷಧ ಇದೆ," ಎಂದರು ಡಾಕ್ಟರಮ್ಮ. "ಹೋಗಿರೋ ಮಾತು ಎಷ್ಟು ವಾಪಸ್ ಬರುತ್ತೆ ಅಂತ ನಾನು ಹೇಳೋಕಾಗಲ್ಲ."

ನಿಂಬೆ ಹಿಂಡಲು ಹೇಳಿದವರು ಅವರೇ ಎಂದು ನನಗೆ ನೆನಪಿತ್ತು. ಅವರಿಗೂ ಇತ್ತು, ಮುಖದಲ್ಲಿ ಕಾಣುತ್ತಿತ್ತು.

ಔಷಧ ಮುಗಿಸಿ ಪುಟ್ಟನನ್ನು ಮನೆಗೆ ಕರೆದೊಯ್ಯುವ ದಿನ, ಬಸ್ಸಿನಲ್ಲಿ ಕೂತು ಒಂದು ತೀರ್ಮಾನ ಮಾಡಿದೆ. ತಟ್ಟೆಯ ವಿಷಯ ಎಲ್ಲರೆದುರಿಗೆ ಹೇಳುವುದು. ಬಸಿರಿನ ವಿಷಯ ಬಾಯಿ ಬಿಡದಿರುವುದು. ಸತ್ತು ಹೋದದ್ದನ್ನು ಅತ್ತೆಯ ಮುಂದೆ ಕೆದಕಿ ಯಾರಿಗೆ ಏನು ಸಿಗಬೇಕಿತ್ತು?

ಮಧ್ಯಾಹ್ನದ ಊಟಕ್ಕೆ ಎಲ್ಲರಿಗೂ ಹೊಸ ಸ್ಟೀಲ್ ತಟ್ಟೆ ಹಾಕಿದೆ. ಮಾವ ಅದನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ, ಇದೇನು ಜೈಲಿನ ಊಟವೇ ಎಂದರು. ತಾವೇ ಎದ್ದು ಹೋಗಿ ಗೂಡಿನಿಂದ ತಮ್ಮ ಹಳದಿ ತಟ್ಟೆ ತಂದು ಅನ್ನ ಅದಕ್ಕೆ ಸುರಿದುಕೊಂಡರು. ಪುಟ್ಟ ನನ್ನ ತೊಡೆಯ ಮೇಲಿದ್ದ. ತಟ್ಟೆ ಕಂಡು ಅವನ ಕಣ್ಣಿಗೆ ಕಳೆ ಬಂತು.

ನಾನು ಹೇಳಿದೆ. ಡಾಕ್ಟರಮ್ಮ ಹೇಳಿದ್ದನ್ನು ಕೂಡಿಸದೆ ಕಳೆಯದೆ ಹೇಳಿದೆ. ಮೊದಲು ಮಾವ ನಕ್ಕರು. ಆಮೇಲೆ ಮುಖ ಕೆಂಪಾಯಿತು. ಊರಿಗೆಲ್ಲ ಒಳ್ಳೆಯದನ್ನು ಕೊಟ್ಟು ಕೆಟ್ಟದ್ದನ್ನು ನಾವು ಇಟ್ಟುಕೊಂಡದ್ದು ತಪ್ಪೇ, ಗಿರಾಕಿಯ ತಲೆಗೆ ಕಟ್ಟಿದ್ದರೆ ಸರಿಹೋಗುತ್ತಿತ್ತೇ ಎಂದು ಕೇಳಿದರು.

"ಹುಟ್ಟಿದಾಗಿಂದ ಇದರಲ್ಲೇ ಉಂಡಿದೀನಿ," ಎಂದು ಬಲಗೈ ಮುಂದೆ ಚಾಚಿದರು. "ನನಗೇನಾಗಿದೆ ಹೇಳು."

ಕೈ ಮಣಿಕಟ್ಟಿನಿಂದ ಜೋತುಬಿದ್ದಿತ್ತು. ಉತ್ತರ ಕೊಟ್ಟವರು ನನ್ನ ಗಂಡ.

"ಅಪ್ಪ, ನಿಮ್ಮ ಕೈ ನೋಡ್ಕೊಳ್ಳಿ."

ಮಾವ ನೋಡಿಕೊಂಡರು. ಅದನ್ನು ಎತ್ತಲು ಪ್ರಯತ್ನಿಸಿದರು, ಬೆರಳುಗಳು ಸ್ವಲ್ಪ ಅಲ್ಲಾಡಿದವು. ಕೈಯನ್ನು ತೊಡೆಯ ಮೇಲೆ ಇಳಿಸಿಕೊಂಡು ತಟ್ಟೆಯನ್ನು ಎಡಗೈಯಿಂದ ದೂರ ಸರಿಸಿದರು. ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಪುಟ್ಟನ ಪಾಲಿಗೆ ಇನ್ನು ಮೇಲೆ ಒಳ್ಳೆಯದಾಗಬಹುದು ಎಂದುಕೊಂಡೆ.

ಆಗ ಅತ್ತೆ ನನ್ನ ಕಡೆ ತಿರುಗಿದರು. ಬಡಿಸುವ ಸೌಟು ಕೈಯಲ್ಲೇ ಇತ್ತು.

"ಹಾಗಾದ್ರೆ ನನ್ನ ಆ ಮೂರು?"

ಗೊತ್ತಿಲ್ಲ ಅತ್ತೆ ಎಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಅದು ಅವರಿಗೆ ನಾನು ಬಂದ ದಿನದಿಂದ ಗೊತ್ತು. ಅವರು ನನ್ನ ಮುಖವನ್ನು ಓದಿಕೊಂಡು, ಸೌಟನ್ನು ಪಾತ್ರೆಯೊಳಗೆ ಇಟ್ಟು, ಮಾವನ ಕಡೆ ತಿರುಗಿದರು.

"ಪ್ರತಿ ಸಲ ಬಸುರಿಯಾದಾಗಲೂ ನನಗೆ ಅಂತ ಹೊಸ ತಟ್ಟೆ ಮಾಡ್ತಿದ್ರಿ. ಹುಳಿ ಬೇಕು ಅಂದ್ರೆ ಎಲ್ಲಿಂದಾದ್ರೂ ತಂದು ಕೊಡ್ತಿದ್ರಿ. ಪಕ್ಕದಲ್ಲೇ ಕೂತು ತಿನ್ನಿಸ್ತಿದ್ರಿ."

ಮಾವ ಸರಿಸಿದ್ದ ತಟ್ಟೆಯ ಅಂಚನ್ನು ಎಡಗೈ ಹೆಬ್ಬೆರಳಿನಿಂದ ಉಜ್ಜುತ್ತಿದ್ದರು.

"ಇವನು ಹೊಟ್ಟೇಲಿದ್ದಾಗ ನಾವು ಜಗಳ ಆಡಿದ್ವಲ್ಲ. ನಾನು ಮುನಿಸಿಕೊಂಡು ತವರಿಗೆ ಹೋದೆ. ನೀವು ಹಟ ಹಿಡಿದು ಕರೆಯೋಕೆ ಬರಲೇ ಇಲ್ಲ. ಹೆರಿಗೆ ಆಗೋವರೆಗೂ ಬರಲಿಲ್ಲ." ಅತ್ತೆ ನನ್ನ ಗಂಡನ ತಲೆಯ ಮೇಲೆ ಕೈ ಇಟ್ಟರು. "ಅದಕ್ಕೇ ಇವನೊಬ್ಬ ಉಳಿದ."

ಅನ್ನ ಆರುತ್ತಿತ್ತು. ನಾನು ಪುಟ್ಟನಿಗೆ ಒಂದು ತುತ್ತು ಕಲಸಿ ಬಾಯಿಯ ಹತ್ತಿರ ಹಿಡಿದೆ. ಅವನು ಹಲ್ಲು ಕಚ್ಚಿ ಹಳದಿ ತಟ್ಟೆಯ ಕಡೆ ಮುಖ ತಿರುಗಿಸಿದ.